ಔಟಾದವನೂ ಆಟದಲ್ಲೇ ಇದ್ದಾನೆ

ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆಯ ಮಕ್ಕಳಿಗೆ ಕಬಡ್ಡಿ ಅಂದರೇನು ಅಂತ ಹೇಳಿಕೊಡಬೇಕಾಗಿಲ್ಲ. ರೈಡು, ಕ್ಯಾಚು ಎಲ್ಲ ಊರ ಪಂದ್ಯ ನೋಡಿಯೇ ಬಂದಿರುತ್ತದೆ. ದೈಹಿಕ ಶಿಕ್ಷಕನಾಗಿ ನನಗೆ ಜಾಸ್ತಿ ಕೆಲಸ ಇರುವುದು ಔಟಾಗಿ ಹೊರಗೆ ಕೂತವರ ಹತ್ತಿರ.

ಎದುರಾಳಿ ಒಬ್ಬ ಔಟಾದರೆ ನಮ್ಮವನೊಬ್ಬ ಒಳಗೆ ಬರುತ್ತಾನೆ, ಮೊದಲು ಔಟಾದವನಿಗೆ ಮೊದಲ ಸರದಿ. ರೈಡರ್ ಎದುರಾಳಿ ಅಂಗಳದ ಬೋನಸ್ ಗೆರೆ ದಾಟಿ ಗಳಿಸುವ ಬೋನಸ್ ಅಂಕಕ್ಕೆ ಯಾರೂ ಒಳಗೆ ಬರುವ ಹಾಗಿಲ್ಲ. ಮೂವರೋ ಅದಕ್ಕಿಂತ ಕಮ್ಮಿಯೋ ಉಳಿದಾಗ ರೈಡರನ್ನು ಹಿಡಿದರೆ ಸೂಪರ್ ಟ್ಯಾಕಲ್. ಅಂಕ ಎರಡು, ಆದರೆ ಒಳಗೆ ಬರುವವನು ಒಬ್ಬನೇ. ಹಾಗಾಗಿ ಹೊರಗೆ ಎಷ್ಟು ಹೊತ್ತು ಕೂರಬೇಕು ಅಂತ ಯಾರಿಗೂ ಗೊತ್ತಿರುವುದಿಲ್ಲ.

ಆಗಲೇ ಹುಡುಗರ ಬಣ್ಣ ಗೊತ್ತಾಗುವುದು. ಒಬ್ಬ ತಲೆ ತಗ್ಗಿಸುತ್ತಾನೆ, ಇನ್ನೊಬ್ಬನಿಗೆ ಅಂಪೈರ್ ಮೇಲೆ ಸಿಟ್ಟು. ನಾನು ಅವರಿಗೆ ಒಂದೇ ಕೆಲಸ ಕೊಡುತ್ತೇನೆ: ಎದುರು ರೈಡರ್‌ನ ಕಾಲು ನೋಡು. ಮಧ್ಯಗೆರೆ ದಾಟುವಾಗ ಯಾವ ಕಾಲು ಮುಂದೆ? ತಿರುಗುವಾಗ ಭಾರ ಎತ್ತ? ಬೋನಸ್ ಗೆರೆಗೆ ಕಾಲು ಚಾಚಿದ ಮೇಲೆ ಹಿಂದಿನ ಕಾಲು ನೆಲಕ್ಕೆ ಅಂಟಿರುತ್ತದಾ? ಇಷ್ಟು ನೋಡಿಕೊಂಡು ಒಳಗೆ ಬಂದ ಕಾರ್ನರ್ ಆಟಗಾರನಿಗೆ (ಅಂಚಿನಲ್ಲಿ ನಿಂತು ಹಿಡಿಯುವವನಿಗೆ) ಆ್ಯಂಕಲ್ ಹೋಲ್ಡ್, ಅಂದರೆ ಕಾಲಿನ ಗಂಟಿಗೆ ಹಿಡಿತ, ಹಾಕುವ ಹೊತ್ತು ತಾನಾಗಿಯೇ ತಿಳಿಯುತ್ತದೆ. ಸುಮ್ನೆ ಕೂತು ಬಂದವನು ಮೊದಲ ರೈಡಿಗೇ ಮತ್ತೆ ಹೊರಗೆ.

ಕ್ರಿಕೆಟ್ ಹುಚ್ಚಿನ ಮಕ್ಕಳಿಗೆ ತಾಳ್ಮೆ ಅಂದರೇನು ಅಂತ ಹೇಳಲು ನಮ್ಮ ತಳಂಗರೆಯ, ಕೇರಳ ತಂಡದ ಬ್ಯಾಟರ್ ಮೊಹಮ್ಮದ್ ಅಜರುದ್ದೀನ್ ಉದಾಹರಣೆ ಕೊಡುತ್ತೇನೆ. 2021ರಲ್ಲಿ ಮುಂಬೈ ವಿರುದ್ಧ ಟಿ20ಯಲ್ಲಿ 54 ಎಸೆತಕ್ಕೆ ಔಟಾಗದೆ 137 ಹೊಡೆದದ್ದು ಎಲ್ಲರ ಬಾಯಲ್ಲೂ ಇದೆ. ನನಗೆ ದೊಡ್ಡದಾಗಿ ಕಾಣುವುದು 2025ರ ರಣಜಿ ಸೆಮಿಫೈನಲ್. ಗುಜರಾತ್ ವಿರುದ್ಧ ಅದೇ ಹುಡುಗ 341 ಎಸೆತ ಆಡಿ 177 ರನ್ ಗಳಿಸಿ ಔಟಾಗದೆ ಉಳಿದ. ಮೊದಲ ಇನಿಂಗ್ಸ್‌ನಲ್ಲಿ ಕೇರಳ 457, ಗುಜರಾತ್ 455. ಗುಜರಾತಿನ ಕೊನೆಯ ವಿಕೆಟಿಗೆ ಚೆಂಡು ಶಾರ್ಟ್ ಲೆಗ್‌ನಲ್ಲಿದ್ದ ಸಲ್ಮಾನ್ ನಿಜಾರ್ ಹೆಲ್ಮೆಟಿಗೆ ಬಡಿದು ಸ್ಲಿಪ್‌ನಲ್ಲಿ ಸಚಿನ್ ಬೇಬಿ ಕೈ ಸೇರಿತು. ಪಂದ್ಯ ಡ್ರಾ ಆದರೂ ಆ ಮುನ್ನಡೆಯಿಂದಲೇ ಕೇರಳ ಮೊದಲ ಸಲ ಫೈನಲ್‌ಗೆ ಹೋಯಿತು. ಅದೃಷ್ಟ ಅಂದವರೇ ಜಾಸ್ತಿ. ಇರಬಹುದು. ಆದರೆ ಆ ಎರಡು ರನ್ ಮುನ್ನಡೆ ಉಳಿಯಲು ಒಬ್ಬ ಎಷ್ಟು ಚೆಂಡನ್ನು ಹೊಡೆಯದೆ ಬಿಟ್ಟಿರಬೇಕು ಅಲ್ವಾ? ಹೊಡೆಯಲು ಬರುವವನಿಗೆ ಬಿಡುವುದೇ ಕಷ್ಟ.

ತಂದೆತಾಯಿ ಬಂದು ಕೇಳುವುದು ಗ್ರೇಸ್ ಮಾರ್ಕ್ ಬಗ್ಗೆ, ಅಂದರೆ ಆಟೋಟಕ್ಕೆ ಪರೀಕ್ಷೆಯಲ್ಲಿ ಸಿಗುವ ಹೆಚ್ಚುವರಿ ಅಂಕದ ಬಗ್ಗೆ. ತಪ್ಪಲ್ಲ, ಮಕ್ಕಳ ಭವಿಷ್ಯ ನೋಡಬೇಕಲ್ಲ. ಆದರೆ ಕೆಲವರು ಮಾರ್ಕಿನ ಆಸೆಗೆ ಊದಿದ ಕಾಲಿನ ಮಗುವನ್ನೂ ಅಂಗಳಕ್ಕೆ ಕಳಿಸುತ್ತಾರೆ, ಅದಕ್ಕೆ ಛಲ ಅಂತ ಹೆಸರು ಬೇರೆ. ಅಲ್ಲಿ ನಾನು ಒಪ್ಪುವುದಿಲ್ಲ. ಸುಸ್ತಾದವನನ್ನು ಇನ್ನೊಂದು ರೈಡಿಗೆ ಕಳಿಸುತ್ತೇನೆ, ಪಾದ ಊರಲಾಗದವನನ್ನು ಡಾಕ್ಟರ ಹತ್ತಿರ.