ಲಾಕ್ ಇತ್ತಲ್ಲ ಸಾರ್!

ಮೊಬೈಲಲ್ಲಿ ಮೋಸ ಹೋದವರು ಮೊದಲು ಹೇಳುವ ಮಾತು ಇದು. ಲಾಕ್ ಅಂದರೆ ವೆಬ್‌ಸೈಟಿನ ಅಡ್ರೆಸ್ ಪಕ್ಕ ಕಾಣುವ ಪುಟ್ಟ ಬೀಗದ ಗುರುತು. "ಲಾಕ್ ಇತ್ತಲ್ಲ ಸಾರ್! ಅಡ್ರೆಸ್ ಕೂಡ ಬ್ಯಾಂಕಿನದ್ದೇ. ನಾನೇ ಕಣ್ಣಾರೆ ನೋಡಿದೆ." ಅವರೇನೂ ಸುಳ್ಳು ಹೇಳುತ್ತಿಲ್ಲ. ನಿಜವಾಗಿಯೂ ನೋಡಿರುತ್ತಾರೆ. ನೋಡಿದ್ದು ಯಾರು ಬರೆದ ಲಾಕ್ ಅನ್ನೋದೇ ಪ್ರಶ್ನೆ.

ವೆಬ್‌ಸೈಟ್, ಆ್ಯಪ್‌ಗಳಲ್ಲಿ ಎಲ್ಲೆಲ್ಲಿ ತೂತಿದೆ ಅಂತ ಹುಡುಕುವುದು ನನ್ನ ಕೆಲಸ. ಓಟಿಪಿ ಕೊಡಬೇಡಿ, ಪಾಸ್‌ವರ್ಡ್ ಹೇಳಬೇಡಿ ಅನ್ನೋದನ್ನೆಲ್ಲ ಇಲ್ಲಿ ಬರೆಯಲ್ಲ. ಅದನ್ನು ಕೇಳಿ ಕೇಳಿ ನಿಮಗೂ ಸಾಕಾಗಿರುತ್ತದೆ. ನಾನು ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗದ ಒಂದೇ ವಿಷಯ ಇದೆ, ಅದನ್ನು ನಿಧಾನವಾಗಿ ಹೇಳುತ್ತೇನೆ.

ಫೋನಿನಲ್ಲಿ ಬ್ರೌಸರ್ ತೆರೆಯಿರಿ. ಮೇಲೆ ಒಂದು ತೆಳ್ಳಗಿನ ಪಟ್ಟಿ ಇದೆ, ಅಲ್ವಾ? ಐಫೋನಾದರೆ ಕೆಳಗಿರಬಹುದು. ಅದೇ ಅಡ್ರೆಸ್ ಬಾರ್. ಅಷ್ಟು ಮಾತ್ರ ಬ್ರೌಸರಿನ ಜಾಗ. ಮಿಕ್ಕಿದ್ದೆಲ್ಲ ಆ ಪೇಜ್ ಮಾಡಿದವನದು. ಅವನು ಅಲ್ಲಿ ಏನು ಬೇಕಾದರೂ ಬರೆಯಬಹುದು. ಬ್ಯಾಂಕಿನ ಲೋಗೊ ಹಾಕಬಹುದು. ಹಸಿರು ಲಾಕ್ ಹಾಕಬಹುದು. "ನಿಮ್ಮ ಫೋನಿಗೆ ವೈರಸ್ ಬಂದಿದೆ" ಅಂತ ಫೋನೇ ಹೇಳಿದ ಹಾಗೆ ಒಂದು ಚೌಕ ಹಾಕಬಹುದು. ಗೂಗಲ್ ಲಾಗಿನ್ ಕಿಟಕಿಯನ್ನು ಅದರ ಅಡ್ರೆಸ್ ಬಾರ್ ಸಮೇತ ಬರೆಯಬಹುದು. ಕಂಪನಿ ನಾಟಕದ ಪರದೆ ಮೇಲೆ ಅರಮನೆ ಬರೆದ ಹಾಗೆ. ಪೇಜಿನೊಳಗೆ ಚಿತ್ರ ಹಾಕುವುದನ್ನು ಯಾವ ಬ್ರೌಸರೂ ತಡೆಯುವುದಿಲ್ಲ.

ಇಷ್ಟು ಹೇಳಿದ ಮೇಲೆ ಎಲ್ಲರೂ ತಲೆ ಆಡಿಸುತ್ತಾರೆ. ಆಮೇಲೆ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ: "ಹಾಗಾದ್ರೆ ಪೇಜಲ್ಲಿ ಲಾಕ್ ಇದ್ದರೆ ಸೇಫ್ ಅಂತ ತಾನೆ?" ಅಲ್ಲ ಮಾರಾಯ್ರೆ! ಪೇಜಲ್ಲಿರುವ ಲಾಕ್ ಬರೀ ಚಿತ್ರ. ಪಟ್ಟಿಯಲ್ಲಿರುವ ಲಾಕ್ ಚಿತ್ರವಲ್ಲ, ಸರಿ, ಆದರೆ ಅದೂ ಹೇಳುವುದು ಬೇರೇನನ್ನೋ. ನೀವು ಟೈಪ್ ಮಾಡಿದ್ದನ್ನು ದಾರಿಯಲ್ಲಿ ಯಾರೂ ಕದ್ದು ಓದಲ್ಲ ಅಂತ ಅದರ ಅರ್ಥ. ಆ ಕಡೆ ಕೂತಿರುವವನೇ ಕಳ್ಳನಾದರೆ ಅವನಿಗೂ ಭದ್ರವಾಗಿಯೇ ತಲುಪುತ್ತದೆ! ಲೆಟ್ಸ್ ಎನ್‌ಕ್ರಿಪ್ಟ್‌ನಂಥ ಸಂಸ್ಥೆಗಳಲ್ಲಿ ಆ ಲಾಕಿಗೆ ಬೇಕಾದ ಡಿಜಿಟಲ್ ಸರ್ಟಿಫಿಕೇಟ್ ಯಾರಿಗೆ ಬೇಕಾದರೂ ಬಿಟ್ಟಿ ಸಿಗುತ್ತದೆ. ಗೂಗಲ್‌ನವರು ಒಮ್ಮೆ ಜನರನ್ನು ಕೇಳಿ ನೋಡಿದರು. ಲಾಕಿನ ಅರ್ಥ ಸರಿಯಾಗಿ ಗೊತ್ತಿದ್ದದ್ದು ಶೇ. 11 ಮಂದಿಗೆ ಮಾತ್ರ. ಕೊನೆಗೆ 2023ರಲ್ಲಿ ಕ್ರೋಮ್‌ನಿಂದ ಲಾಕ್ ಚಿತ್ರವನ್ನೇ ತೆಗೆದರು. ಹಾಗಾಗಿ ಈಗ ಕ್ರೋಮ್‌ನಲ್ಲಿ ಯಾರಾದರೂ ನನಗೆ "ಲಾಕ್ ನೋಡಿದೆ" ಅಂದರೆ, ಪೇಜಿನೊಳಗಿನದನ್ನೇ ನೋಡಿರಬೇಕು ಅಂತ ನನಗೆ ಮೊದಲು ಅನುಮಾನ ಬರುತ್ತದೆ.

ಕಂಪ್ಯೂಟರಿನಲ್ಲಿ ಈ ಪಟ್ಟಿ ಕದಲದೆ ಕೂತಿರುತ್ತದೆ. ಫೋನಿನಲ್ಲಿ ಜಾಗ ಕಡಿಮೆ, ಸ್ವಲ್ಪ ಕೆಳಗೆ ಹೋದರೆ ಸಾಕು, ಮಾಯ. 2019ರ ಏಪ್ರಿಲ್‌ನಲ್ಲಿ ಜಿಮ್ ಫಿಶರ್ ಎಂಬ ಡೆವಲಪರ್ ಇದನ್ನೇ ಹಿಡಿದು ಒಂದು ಆಟ ಮಾಡಿ ತೋರಿಸಿದರು. ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಅವರ ಪೇಜ್ ತೆರೆದು ಕೆಳಗೆ ಸ್ಕ್ರಾಲ್ ಮಾಡಿದರೆ ನಿಜವಾದ ಪಟ್ಟಿ ಮೇಲೆ ಸರಿಯುತ್ತದೆ. ಅದೇ ಜಾಗಕ್ಕೆ ಪೇಜು ಒಂದು ಪಟ್ಟಿಯ ಚಿತ್ರ ತಂದು ನಿಲ್ಲಿಸುತ್ತದೆ. ಅದರಲ್ಲಿ ಎಚ್‌ಎಸ್‌ಬಿಸಿ ಬ್ಯಾಂಕಿನ ಅಡ್ರೆಸ್! ಮತ್ತೆ ಮೇಲೆ ಬಂದರೆ ನಿಜವಾದದ್ದು ಬರಬೇಕಲ್ಲ ಅಂತ ನೀವು ಕೇಳಬಹುದು. ಬರಲ್ಲ. ಪೇಜಿನಲ್ಲಿರುವುದನ್ನೆಲ್ಲ ಒಳಗಿನ ಇನ್ನೊಂದು ಚೌಕಕ್ಕೆ ಹಾಕಿರುತ್ತಾರೆ. ನೀವು ಎಳೆದಾಗ ಸರಿಯುವುದು ಆ ಚೌಕ ಮಾತ್ರ. ನೀವು ಮೇಲೆ ಬಂದಿರಿ ಅನ್ನುವುದು ಕ್ರೋಮ್‌ಗೆ ಗೊತ್ತೇ ಆಗುವುದಿಲ್ಲ.

ಅನುಮಾನ ಬಂದರೆ ಫೋನಿನ ಸ್ಕ್ರೀನ್ ಒಮ್ಮೆ ಲಾಕ್ ಮಾಡಿ, ಮತ್ತೆ ತೆಗೆದು ನೋಡಿ. ಸಾಮಾನ್ಯವಾಗಿ ನಿಜವಾದ ಪಟ್ಟಿ ಮೇಲೆ ಬಂದು ಕೂರುತ್ತದೆ, ಒಂದರ ಕೆಳಗೊಂದು ಎರಡು ಪಟ್ಟಿ ಕಾಣುತ್ತವೆ. ಎಲ್ಲ ಫೋನಿನಲ್ಲೂ ಹೀಗೇ ಆಗುತ್ತದೆ ಅಂತ ಮಾತ್ರ ನಾನು ಬರೆದುಕೊಡಲಾರೆ. ಎರಡು ಪಟ್ಟಿ ಕಾಣಲಿಲ್ಲ ಅಂದರೆ ಪೇಜ್ ಅಸಲಿ ಅಂತ ತಿಳಿಯಬೇಡಿ.

ಇನ್ನೊಂದು ಜಾತಿಯ ತೊಂದರೆ ಇದೆ. ಅಲ್ಲಿ ಪಟ್ಟಿ ಅಸಲಿಯೇ, ಆದರೆ ಅದೇ ಸುಳ್ಳು ಹೇಳುತ್ತದೆ. 2018ರಲ್ಲಿ ಪಾಕಿಸ್ತಾನದ ರಫೇ ಬಲೋಚ್ ಎಂಬ ಸಂಶೋಧಕ ಮೈಕ್ರೋಸಾಫ್ಟ್‌ನ ಎಡ್ಜ್ ಮತ್ತು ಐಫೋನಿನ ಸಫಾರಿ ಬ್ರೌಸರ್‌ಗಳಲ್ಲಿ ಇದನ್ನು ಕಂಡುಹಿಡಿದರು. ಪೇಜು ಒಳಗಿಂದೊಳಗೆ ಬೇರೆ ಸೈಟಿಗೆ ಹೋಗು ಅನ್ನುತ್ತದೆ, ಆದರೆ ಯಾರೂ ಉತ್ತರ ಕೊಡದ ಪೋರ್ಟ್, ಅಂದರೆ ಆ ಸೈಟಿನ ಯಾರೂ ತೆರೆಯದ ಬಾಗಿಲಿನ ನಂಬರ್, ಕೊಟ್ಟಿರುತ್ತದೆ. ಬ್ರೌಸರ್ ಪಾಪ ಹೊಸ ಅಡ್ರೆಸ್ ಬರೆದುಕೊಂಡು ಕಾಯುತ್ತಾ ಕೂರುತ್ತದೆ. ಮೇಲೆ ಆ ಸೈಟಿನ ಹೆಸರು, ಕೆಳಗೆ ಇನ್ನೂ ಕಳ್ಳನ ಪೇಜು. ಮೈಕ್ರೋಸಾಫ್ಟ್ ಅದೇ ವರ್ಷ ಆಗಸ್ಟ್‌ನಲ್ಲಿ ಎಡ್ಜ್ ಸರಿಮಾಡಿತು. 2020ರ ಅಕ್ಟೋಬರ್‌ನಲ್ಲಿ ಬಲೋಚ್ ಮತ್ತು ರ‍್ಯಾಪಿಡ್7 ಸಂಸ್ಥೆ ಸೇರಿ ಏಳು ಮೊಬೈಲ್ ಬ್ರೌಸರ್‌ಗಳಲ್ಲಿ ಇಂಥದ್ದೇ ತೂತುಗಳನ್ನು ಬಹಿರಂಗ ಮಾಡಿದರು. ಸಫಾರಿ, ಒಪೆರಾ ಮಿನಿ ಜೊತೆ ಯುಸಿ ಬ್ರೌಸರೂ ಆ ಏಳರಲ್ಲಿತ್ತು. ಅಷ್ಟರಲ್ಲಿ ನಮ್ಮ ಸರ್ಕಾರ ಯುಸಿಯನ್ನು ನಿಷೇಧಿಸಿ ನಾಲ್ಕು ತಿಂಗಳಾಗುತ್ತಾ ಬಂದಿತ್ತು. ಹಳೇ ಫೋನುಗಳಲ್ಲಿ ಮೊದಲೇ ಹಾಕಿಸಿಕೊಂಡದ್ದು ಹಾಗೇ ಉಳಿದಿತ್ತು. ನಿಮ್ಮ ಅಮ್ಮನ ಹಳೇ ಫೋನು ಒಮ್ಮೆ ನೋಡಿ. ಇದ್ದರೆ ತೆಗೆದುಹಾಕಿ.

ಇಂಥ ತೂತಿಗೆ ಅಪ್‌ಡೇಟ್ ಒಂದೇ ಮದ್ದು. ಕ್ರೋಮ್ ಆದರೆ ಪ್ಲೇಸ್ಟೋರಿನಿಂದ ಬರುತ್ತದೆ. ಐಫೋನಿನ ಸಫಾರಿ ಮಾತ್ರ ಐಓಎಸ್ ಜೊತೆಗೇ ಬರುವುದು. "ಅಪ್‌ಡೇಟ್ ಮಾಡಿದರೆ ಫೋನ್ ಸ್ಲೋ ಆಗುತ್ತೆ" ಅಂತ ಮುಂದೂಡುವವರು ಇದನ್ನೂ ಮುಂದೂಡುತ್ತಿದ್ದಾರೆ.

ಚಿತ್ರದ ಮೋಸಕ್ಕೆ ಅಪ್‌ಡೇಟ್ ಸಾಲದು. ಪೇಜನ್ನು ಎಷ್ಟು ದಿಟ್ಟಿಸಿ ನೋಡಿದರೂ ಪ್ರಯೋಜನ ಇಲ್ಲ, ನಾವೇ ಕೆಲವೊಮ್ಮೆ ಕೋಡ್ ತೆಗೆದು ನೋಡಬೇಕಾಗುತ್ತದೆ. ಅಲ್ಲಿಗೆ ಹೇಗೆ ಬಂದಿರಿ ಅನ್ನೋದು ನೋಡಿ. ಮೆಸೇಜಿನ ಲಿಂಕಿನಿಂದ ಬಂದಿದ್ದರೆ ಮುಚ್ಚಿ, ಬ್ಯಾಂಕಿನ ಆ್ಯಪ್ ತೆರೆಯಿರಿ ಅಥವಾ ಅಡ್ರೆಸ್ ನೀವೇ ಟೈಪ್ ಮಾಡಿ. ರಿಸರ್ವ್ ಬ್ಯಾಂಕ್ ಈಗ ಒಂದು ಉಪಕಾರ ಮಾಡಿದೆ. 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳೆಲ್ಲ ಡಾಟ್ ಬ್ಯಾಂಕ್ ಡಾಟ್ ಇನ್ ವಿಳಾಸಕ್ಕೆ ಬರಬೇಕು ಅಂತ ಹೇಳಿತ್ತು. ಅದು ಬ್ಯಾಂಕುಗಳಿಗೆ ಮಾತ್ರ ಸಿಗುವ ಹೆಸರು. ಆದರೆ 'ಬ್ಯಾಂಕ್ ಡಾಟ್ ಇನ್' ಆದ ಮೇಲೆ ಮತ್ತೊಂದು ಚುಕ್ಕಿ ಬಂದು ಇನ್ನೇನೋ ಡಾಟ್ ಕಾಮ್ ಅಂತ ಮುಂದುವರಿದರೆ, ಅದು ಆ ಕೊನೆಯವನ ಸೈಟು. ಅಕಸ್ಮಾತ್ ದುಡ್ಡು ಹೋಗಿಯೇಬಿಟ್ಟಿದ್ದರೆ ಸಂಕೋಚ ಬೇಡ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಜನರನ್ನೇ ಬೈದರೆ ನ್ಯಾಯವಲ್ಲ. ಅವರಿಗೆ ಈ ಅಭ್ಯಾಸ ಕಲಿಸಿದ್ದು ನಮ್ಮ ಕಂಪನಿಗಳೇ. ಎಷ್ಟೋ ಆ್ಯಪ್‌ಗಳು ಪೇಮೆಂಟ್ ಪೇಜನ್ನು ತಮ್ಮೊಳಗೇ ತೆರೆಯುತ್ತವೆ, ಅಡ್ರೆಸ್ ಬಾರೇ ಇರುವುದಿಲ್ಲ. ಗ್ರಾಹಕ ಏನನ್ನು ನೋಡಿ ನಂಬಬೇಕು? ಸಣ್ಣ ಹಣಕಾಸು ಸಂಸ್ಥೆಯೊಂದರ ಲಾಗಿನ್ ಪೇಜಿನಲ್ಲಿ ಅಂಗೈ ಅಗಲದ ಹಸಿರು ಲಾಕ್ ಇತ್ತು, ಕೆಳಗೆ "100% ಸುರಕ್ಷಿತ". ಇದನ್ನು ತೆಗೆಯಿರಿ, ಕಳ್ಳನೂ ಇದನ್ನೇ ಕಾಪಿ ಮಾಡುತ್ತಾನೆ ಅಂದೆ. ಅಲ್ಲಿನ ಮ್ಯಾನೇಜರ್ ಒಳ್ಳೆಯ ಮನುಷ್ಯ, ಕಾಫಿ ಕೊಡದೆ ಕಳಿಸಿದವರಲ್ಲ. "ಇರಲಿ ಬಿಡಿ ಸಾರ್, ಕಸ್ಟಮರ್‌ಗೆ ಧೈರ್ಯ ಬರುತ್ತೆ" ಅಂದರು. ಸುಮ್ನೆ ಬಿಡದೆ ರಿಪೋರ್ಟಿನಲ್ಲಿ ಬರೆದೆ. ಮುಂದಿನ ಸಲ ಹೋದಾಗ ಲಾಕ್ ತೆಗೆದಿದ್ದರು. ಆ ಜಾಗಕ್ಕೆ ಒಂದು ಗುರಾಣಿಯ ಚಿತ್ರ ಬಂದಿತ್ತು.