ನಾಳೆ ಶಾಲೆಗೆ ರಜೆಯಂತೆ!

ಜುಲೈ ತಿಂಗಳಲ್ಲಿ ಮಳೆ ಹಿಡಿದರೆ ಬಿಡುವ ಮಾತೇ ಇಲ್ಲ. ಇಂಥ ಒಂದು ರಾತ್ರಿ ಮಡಿಕೇರಿಯ ಒಂಬತ್ತನೇ ಕ್ಲಾಸಿನ ಹುಡುಗರ ಗ್ರೂಪಿಗೆ ಒಂದು ಚಿತ್ರ ಬರುತ್ತದೆ ಅಂದುಕೊಳ್ಳಿ. ಜಿಲ್ಲಾಧಿಕಾರಿಗಳ ಆದೇಶ. ಸೀಲು, ಸಹಿ ಎಲ್ಲ ಇದೆ. ನಾಳೆ ಶಾಲೆಗಳಿಗೆ ರಜೆ! ಹತ್ತು ನಿಮಿಷದಲ್ಲಿ ಅದು ಊರಿಡೀ ಓಡಾಡುತ್ತದೆ. ಬೆಳಿಗ್ಗೆ ನೋಡಿದರೆ ಅದು ಹೋದ ವರ್ಷದ ಆದೇಶ. ದಿನಾಂಕವನ್ನು ಯಾರೋ ಫೋನಿನಲ್ಲೇ ತಿದ್ದಿದ್ದಾರೆ. ಅದೇ ರಾತ್ರಿ ಅದೇ ಮನೆಯ ಅಜ್ಜನ ಫೋನಿಗೆ ಇನ್ನೊಂದು ಬರುತ್ತದೆ: ನಾಳೆ ಬೆಳಗಿನ ಜಾವ ನಾಲ್ಕಕ್ಕೆ ಭೂಕಂಪ, ಯಾರೂ ಒಳಗೆ ಮಲಗಬೇಡಿ, ಎಲ್ಲರಿಗೂ ತಿಳಿಸಿ.

ಮೊಮ್ಮಗ ಅಜ್ಜನ ಮೆಸೇಜು ನೋಡಿ ನಗುತ್ತಾನೆ. ರಜೆ ಆದೇಶವನ್ನು ತಾನೇ ನಾಲ್ಕು ಗ್ರೂಪಿಗೆ ಕಳಿಸಿದ್ದು ಆಗ ಅವನಿಗೆ ನೆನಪಿರುವುದಿಲ್ಲ.

ಸುಳ್ಳು ಸುದ್ದಿ ಅಂದಕೂಡಲೇ ಬೆರಳು ವಯಸ್ಸಾದವರ ಕಡೆಗೆ ಹೋಗುತ್ತದೆ. ಅದಕ್ಕೆ ಆಧಾರ ಇಲ್ಲದೇ ಇಲ್ಲ. ಅಮೆರಿಕದ 2016ರ ಚುನಾವಣೆಯ ಸಮಯದ ಫೇಸ್‌ಬುಕ್ ಖಾತೆಗಳನ್ನು ನೋಡಿದ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. 65 ದಾಟಿದವರು, ಮೂವತ್ತರೊಳಗಿನವರಿಗಿಂತ ಸುಮಾರು ಏಳು ಪಟ್ಟು ಹೆಚ್ಚು ಸುಳ್ಳು ಲೇಖನಗಳನ್ನು ಹಂಚಿದ್ದರು. ಆದರೆ ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನು ಯಾರೂ ಹೇಳುವುದಿಲ್ಲ: ಒಂದಾದರೂ ಸುಳ್ಳು ಲೇಖನ ಹಂಚಿದವರು ಒಟ್ಟು ಜನರಲ್ಲಿ ನೂರಕ್ಕೆ ಒಂಬತ್ತು ಕೂಡ ಇರಲಿಲ್ಲ.

ಹಾಗಾದರೆ ಹುಡುಗರು ಜಾಣರಾ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಹೈಸ್ಕೂಲು ಮಕ್ಕಳಿಗೆ ಒಂದು ಫೋಟೋ ತೋರಿಸಿದರು. ಸೊಟ್ಟಗೆ ಬೆಳೆದ ಬಿಳಿ ಹೂಗಳು, ಜಪಾನಿನ ಫುಕುಶಿಮಾ ಅಣುಸ್ಥಾವರದ ಹತ್ತಿರದ್ದು ಅಂತ ಬರಹ. ತೆಗೆದವರು ಯಾರು, ಎಲ್ಲಿ ತೆಗೆದದ್ದು, ಏನೂ ಇಲ್ಲ. ನೂರಕ್ಕೆ ಸುಮಾರು ನಲವತ್ತು ಮಕ್ಕಳು ಇದು ಅಲ್ಲಿನ ವಿಕಿರಣದ ಹಾನಿಗೆ ಗಟ್ಟಿ ಸಾಕ್ಷಿ ಅಂದರು. ಫೋಟೋನೇ ಇದೆಯಲ್ಲ! ಸರಿಯಾಗಿ ಪ್ರಶ್ನೆ ಮಾಡಿದವರು ಇಪ್ಪತ್ತು ಕೂಡ ಇಲ್ಲ.

ನನಗೆ ಕಾಣುವಂತೆ ಇಬ್ಬರ ಕೊರತೆಯೂ ಬೇರೆ ಬೇರೆ. ಹುಡುಗನಿಗೆ ಫೋನು ಗೊತ್ತು, ಊರು ಅಷ್ಟು ಗೊತ್ತಿಲ್ಲ. ಅಜ್ಜನಿಗೆ ಊರು ಗೊತ್ತು, ಫೋನು ಗೊತ್ತಿಲ್ಲ. ಪಾಠ ಮಾಡುವವರು ಮಾತ್ರ ಇಬ್ಬರಿಗೂ ಒಂದೇ ಭಾಷಣ ಮಾಡುತ್ತಾರೆ: "ಯಾವುದನ್ನೂ ಕಣ್ಣು ಮುಚ್ಚಿ ನಂಬಬೇಡಿ." ಈ ಮಾತು ಕೇಳಲು ಚೆನ್ನಾಗಿದೆ. ಕೊಡಗಿನಂಥ ಜಿಲ್ಲೆಗೆ ಇಷ್ಟನ್ನೇ ಕಲಿಸಿದರೆ ಅಪಾಯ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು, ಕಲಿಸಬೇಕಾದ್ದು ಏನು? ಅದೇ ಸ್ಟ್ಯಾನ್‌ಫರ್ಡ್ ತಂಡ ಇನ್ನೊಂದು ಪ್ರಯೋಗ ಮಾಡಿತು. 10 ಇತಿಹಾಸ ತಜ್ಞರು, 25 ಕಾಲೇಜು ವಿದ್ಯಾರ್ಥಿಗಳು ಮತ್ತು ಸುದ್ದಿಯ ಸತ್ಯ ಪರೀಕ್ಷಿಸುವುದೇ ಕೆಲಸವಾದ 10 ಜನ. ಎಲ್ಲರಿಗೂ ಒಂದಷ್ಟು ವೆಬ್ ಪುಟ ಕೊಟ್ಟರು. ತಜ್ಞರಲ್ಲೂ ವಿದ್ಯಾರ್ಥಿಗಳಲ್ಲೂ ಎಷ್ಟೋ ಜನ ಪುಟವನ್ನೇ ಮೇಲಿಂದ ಕೆಳಗೆ ಗಮನವಿಟ್ಟು ಓದಿದರು. ಲೋಗೊ ನೋಡಿದರು, ಭಾಷೆ ಚೆನ್ನಾಗಿದೆ ಅಂದರು, ಮೋಸ ಹೋದರು. ಪರೀಕ್ಷಕರು ಮಾತ್ರ ಆ ಪುಟವನ್ನು ಬೇಗ ಬಿಟ್ಟು ಹೊರಗೆ ಬಂದರು. ಇವರು ಯಾರು, ಇವರ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಅಂತ ಬೇರೆ ಕಡೆ ಹುಡುಕಿದರು. ಕಡಿಮೆ ಸಮಯದಲ್ಲಿ ಸರಿ ಉತ್ತರ ಕೊಟ್ಟರು.

ರಜೆ ಆದೇಶಕ್ಕೂ ಇದೇ ಸರಿ. ಸೀಲನ್ನು ದೊಡ್ಡದು ಮಾಡಿ ನೋಡಿ ಪ್ರಯೋಜನವಿಲ್ಲ. ಸೀಲು ಅಸಲಿಯೇ, ಆದೇಶವೂ ಅಸಲಿಯೇ, ವರ್ಷ ಮಾತ್ರ ಬೇರೆ. ಜಿಲ್ಲಾಡಳಿತದ ಪುಟ ನೋಡಬೇಕು, ಇಲ್ಲವೇ ಮೇಷ್ಟ್ರಿಗೆ ಒಂದು ಫೋನು ಮಾಡಬೇಕು.

ದಿನಾಂಕವೇ ಇಲ್ಲದ ಮೆಸೇಜು ಇನ್ನೂ ತಂಟೆ. ಮನೆ ಬಾಗಿಲ ಮೇಲೆ ಬರೆದ 'ನಾಳೆ ಬಾ' ಇದ್ದ ಹಾಗೆ, ಅದರಲ್ಲಿರುವ 'ನಾಳೆ' ಎಂದೂ ಮುಗಿಯುವುದಿಲ್ಲ. ಫಾರ್ವರ್ಡ್ ಮಾಡಿದಾಗ ವಾಟ್ಸಾಪ್ ತೋರಿಸುವುದು ಈಗ ಕಳಿಸಿದ ಗಂಟೆಯನ್ನು, ಮೊದಲು ಬರೆದ ದಿನವನ್ನಲ್ಲ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಎರಡು ದಿನದ ಮೆಸೇಜು ಒಟ್ಟಿಗೆ ಬಂದು ಬಿದ್ದಾಗ ಯಾವುದು ಯಾವತ್ತಿನದು ಅಂತ ಬುದ್ಧಿವಂತರಿಗೂ ತಲೆ ಕೆಡುತ್ತದೆ. ಮೆಸೇಜಿನ ಮೇಲೆ ಎರಡು ಬಾಣದ ಗುರುತಿದ್ದರೆ ಅದು ತುಂಬಾ ಕೈ ದಾಟಿ ಬಂದದ್ದು. 2020ರಿಂದ ಅಂಥದ್ದನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದು ಗ್ರೂಪಿಗೆ ಮಾತ್ರ ಕಳಿಸಬಹುದು. ಈ ಗುರುತು ಎಷ್ಟು ಹಿರಿಯರಿಗೆ ಗೊತ್ತು? ಕೇಳಿ ನೋಡಿ.

ಭೂಕಂಪದ ಮೆಸೇಜಿಗೆ ಇಷ್ಟೆಲ್ಲ ಹುಡುಕಾಟವೂ ಬೇಡ. 2018ರ ಜುಲೈನಲ್ಲಿ, ಆಮೇಲೆ 2022ರ ಜೂನ್ ಕೊನೆಯಲ್ಲಿ ಕೊಡಗಿನಲ್ಲಿ ಭೂಮಿ ಸಣ್ಣಗೆ ಅದುರಿದ್ದು ನಿಜ. ಆದ್ದರಿಂದಲೇ ಇಂಥ ಸುದ್ದಿ ಬೇಗ ಹಿಡಿಯುತ್ತದೆ. ಆದರೆ ಇಂಥ ದಿನ, ಇಂಥ ಗಂಟೆಗೆ, ಇಷ್ಟು ತೀವ್ರತೆಯ ಭೂಕಂಪ ಅಂತ ಮುಂಚೆಯೇ ಹೇಳುವ ವಿದ್ಯೆ ಜಗತ್ತಿನ ಯಾವ ವಿಜ್ಞಾನಿಗೂ ಸಿಕ್ಕಿಲ್ಲ. ಗಂಟೆ ಹೇಳಿದ್ದಾರೆ ಅಂದರೆ ಅದು ಸುಳ್ಳು, ಅಷ್ಟೇ.

ಇದನ್ನೆಲ್ಲ ಕಲಿಸಿದರೆ ಜನ ಕಲಿಯುತ್ತಾರಾ? ಬಿಹಾರದಲ್ಲಿ ನಡೆದ ಎರಡು ಪ್ರಯೋಗಗಳು ಇಲ್ಲಿ ತುಂಬಾ ಕೆಲಸಕ್ಕೆ ಬರುತ್ತವೆ. 2019ರ ಚುನಾವಣೆ ಹೊತ್ತಿನಲ್ಲಿ ಸುಮಾರು 1,200 ಜನರ ಮೇಲೆ ಮೊದಲನೆಯದು ನಡೆಯಿತು. ಕೆಲವರ ಮನೆಗೇ ಹೋಗಿ ಒಂದು ಗಂಟೆ ಪಾಠ ಹೇಳಿದರು. ಆಮೇಲೆ ಪರೀಕ್ಷೆ ಮಾಡಿದರೆ, ಪಾಠ ಕೇಳಿದವರಿಗೂ ಕೇಳದವರಿಗೂ ಒಟ್ಟಾರೆ ವ್ಯತ್ಯಾಸವೇ ಕಾಣಲಿಲ್ಲ. ಎರಡನೆಯದರಲ್ಲಿ ರೀತಿ ಬದಲಾಯಿಸಿದರು. 583 ಹಳ್ಳಿಗಳ ಸುಮಾರು 13,500 ಮಕ್ಕಳು, ವಯಸ್ಸು 13ರಿಂದ 18. ಗ್ರಂಥಾಲಯದಲ್ಲಿ ಕೂರಿಸಿ, 14 ವಾರಗಳಲ್ಲಿ ನಾಲ್ಕು ಕ್ಲಾಸು. ಈ ಸಲ ಪಾಠ ಹತ್ತಿತು. ನಾಲ್ಕು ತಿಂಗಳ ನಂತರವೂ ಉಳಿದಿತ್ತು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು: ಕ್ಲಾಸಿಗೆ ಬಂದೇ ಇರದ ಅಪ್ಪ ಅಮ್ಮಂದಿರೂ ಸುಳ್ಳು ನಿಜ ಬೇರ್ಪಡಿಸುವುದರಲ್ಲಿ ಸುಧಾರಿಸಿದ್ದರು. ಮಕ್ಕಳು ಮನೆಗೆ ಹೋಗಿ ಹೇಳಿದ್ದರು, ಇನ್ನೇನು!

ವಯಸ್ಸಾದವರಿಗೆ ನೇರವಾಗಿ ಕಲಿಸಿದರೂ ಆಗುತ್ತದೆ. ಅಮೆರಿಕದಲ್ಲಿ ಹಿರಿಯರಿಗೆ ಒಂದು ಗಂಟೆಯಷ್ಟರ ಆನ್‌ಲೈನ್ ಪಾಠ ಕೊಟ್ಟಾಗ, ಸರಿ ಉತ್ತರ ನೂರಕ್ಕೆ 64ರಿಂದ 85ಕ್ಕೆ ಏರಿತು ಅಂತ 2022ರ ಅಧ್ಯಯನವೊಂದು ಹೇಳುತ್ತದೆ. ಆದರೆ ಅವರು ತಾವಾಗಿ ಇಷ್ಟಪಟ್ಟು ಕಲಿಯಲು ಬಂದವರು. ಬಲವಂತಕ್ಕೆ ಕೂತವರಲ್ಲ.

ಈಗ ಆ ಅಪಾಯದ ಮಾತು. ಬರೀ ಅನುಮಾನ ಕಲಿಸಿದರೆ ಜನ ಸುಳ್ಳನ್ನೂ ಬಿಡುತ್ತಾರೆ, ನಿಜವನ್ನೂ ಬಿಡುತ್ತಾರೆ. ಇಂಥ ಪಾಠಗಳ ಬಗ್ಗೆ ಸಂಶೋಧಕರಲ್ಲೇ ಈ ತಕರಾರು ಇದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿಯಿತು. ಇಂಥ ಕಡೆ "ಮನೆ ಖಾಲಿ ಮಾಡಿ" ಅನ್ನುವ ನಿಜವಾದ ಎಚ್ಚರಿಕೆ ಬಂದಾಗ, "ಅಯ್ಯೋ, ಇದೂ ಫೇಕ್ ಇರಬೇಕು" ಅಂದು ಮಗ್ಗುಲಾದರೆ ಗತಿ ಏನು? ಆದ್ದರಿಂದ ಪಾಠದ ಕೊನೆಗೆ ಕೊಡುವ ಪರೀಕ್ಷೆಯಲ್ಲಿ ನಿಜವಾದ ಮೆಸೇಜುಗಳೂ ಇರಲೇಬೇಕು. ನಿಜವನ್ನು ಸುಳ್ಳೆಂದವರಿಗೂ ಅಂಕ ಕಳೆಯಬೇಕು.

ಪಕ್ಕದ ಕಣ್ಣೂರು ಜಿಲ್ಲೆಯಲ್ಲಿ 2018ರಲ್ಲೇ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿಯ ಬಗ್ಗೆ ಕ್ಲಾಸು ನಡೆಸಿದ್ದರು. ಮಾಕುಟ್ಟ ಘಾಟಿ ಇಳಿದರೆ ಅದೇ ಜಿಲ್ಲೆ. ನಾವೂ ಮಾಡಬಹುದು. ಮಾಡಿದರೆ ಅಜ್ಜಂದಿರನ್ನೂ ಬೆಂಚಿನ ಮೇಲೆ ಕೂರಿಸಬೇಕು, ಕೇಳುವುದಕ್ಕಲ್ಲ, ಕಲಿಸುವುದಕ್ಕೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಒಂದು ದಿನಕ್ಕೆ 204.4 ಮಿ.ಮೀ. ದಾಟಿದರೆ ಅದು ಅತಿ ದೊಡ್ಡ ಮಳೆ. ರೆಡ್ ಅಲರ್ಟ್ ಕೊಡುವುದು ಇಂಥ ಮಳೆಯ ಸೂಚನೆ ಇದ್ದಾಗ. ಹುಡುಗನಿಗೆ ಅದು ಬರೀ ಅಂಕಿ. ಕಾಫಿ ತೋಟದ ಅಜ್ಜನಿಗೆ ಹೇಳಿ, "ಓ, ಎಂಟು ಇಂಚು!" ಅನ್ನುತ್ತಾರೆ. ಎಷ್ಟೋ ತೋಟದ ಮನೆಗಳಲ್ಲಿ ಮಳೆ ಅಳೆದು, ಇಂಚು ಸೆಂಟುಗಳಲ್ಲಿ (ಸೆಂಟು ಅಂದರೆ ಇಂಚಿನ ನೂರರಲ್ಲಿ ಒಂದು ಭಾಗ) ಬರೆದಿಟ್ಟ ಪುಸ್ತಕಗಳಿವೆ.

ಮೊದಲ ಕ್ಲಾಸಿಗೆ ಮನೆಕೆಲಸ ಹೀಗಿರಬಹುದು. "ಕೊಡಗಿನಲ್ಲಿ ನಿನ್ನೆ 20 ಇಂಚು ಮಳೆ" ಅನ್ನುವ ಮೆಸೇಜು ಹಿಡಿದು ಮಕ್ಕಳು ಮನೆಗೆ ಹೋಗಬೇಕು. "ಅಜ್ಜ, ನಿನ್ನೆ ನಮ್ಮಲ್ಲಿ ಎಷ್ಟು ಬಂತು?" ಅಂತ ಕೇಳಿ ಪುಸ್ತಕ ತೆಗೆಸಬೇಕು. ಅಲ್ಲಿ ನಾಲ್ಕು ಇಂಚು ಇದ್ದ ಮಾತ್ರಕ್ಕೆ ಮೆಸೇಜು ಸುಳ್ಳಾಗುವುದಿಲ್ಲ. ಭಾಗಮಂಡಲದ ಮಳೆಯೇ ಬೇರೆ, ಕುಶಾಲನಗರದ ಮಳೆಯೇ ಬೇರೆ. ಹಾಗಾಗಿ ಭಾಗಮಂಡಲದ ನೆಂಟರಿಗೆ ಅಜ್ಜನೇ ಒಂದು ಫೋನು ಹಚ್ಚಬೇಕು. ನೆಟ್‌ವರ್ಕ್ ಇದ್ದರೆ.