ಆರು ಪೆನ್ಸ್‌ನಿಂದ 66 ಪೌಂಡ್‌ವರೆಗೆ: ಫುಟ್‌ಬಾಲ್ ಟಿಕೆಟ್‌ನ ಲೆಕ್ಕ

ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್‌ಗಳು ಟಿಕೆಟ್ ದರ ಏರಿಸಿದಾಗಲೆಲ್ಲ ಕೊಡುವ ಕಾರಣ ಹೆಚ್ಚುಕಡಿಮೆ ಒಂದೇ. ಖರ್ಚು ಜಾಸ್ತಿಯಾಗಿದೆ, ಆಟಗಾರರ ಸಂಬಳ ಏರಿದೆ, ಬೇರೆ ದಾರಿ ಇಲ್ಲ. ಬೆಲೆ ಕಟ್ಟುವುದೇ ನನ್ನ ಕಸುಬು. ವಿಮಾನದ ಸೀಟು, ಹೋಟೆಲ್ ರೂಮು, ಕ್ರೀಡಾಂಗಣದ ಸೀಟು, ಹೀಗೆ ಇವತ್ತು ಮಾರಾಟವಾಗದಿದ್ದರೆ ನಾಳೆ ಕಾಸಿನ ಬೆಲೆಯೂ ಇಲ್ಲದ ಸರಕುಗಳಿಗೆ ದರ ಗೊತ್ತುಮಾಡುವ ಕೆಲಸ. ಈ ಕಸುಬಿನಲ್ಲಿರುವ ಯಾರನ್ನು ಕೇಳಿದರೂ ಹೇಳುತ್ತಾರೆ: ಇಂಥ ಸರಕಿನ ದರ ಖರ್ಚಿನಿಂದ ಹುಟ್ಟುವುದಿಲ್ಲ. ಹೊರಗೆ ಎಷ್ಟು ಜನ ಕಾಯುತ್ತಿದ್ದಾರೆ, ಅವರು ಎಷ್ಟು ಕೊಡಬಲ್ಲರು ಎನ್ನುವುದರಿಂದ ಹುಟ್ಟುತ್ತದೆ. ಫುಟ್‌ಬಾಲ್ ಟಿಕೆಟ್‌ನ ಚರಿತ್ರೆಯನ್ನು ಹೀಗೆ ನೋಡಿದರೆ ಕೆಲವು ಸಂಗತಿಗಳು ಬೇರೆಯೇ ಆಗಿ ಕಾಣುತ್ತವೆ.

ಮೊದಲು ಅಳತೆಗೋಲು. ಹಳೆಯ ದರವನ್ನು ಹಣದುಬ್ಬರದಿಂದ ಗುಣಿಸಿ ಇವತ್ತಿನ ದರಕ್ಕೆ ಹೋಲಿಸುವುದು ಸಾಮಾನ್ಯ ಪದ್ಧತಿ. ನನಗೆ ಇನ್ನೊಂದು ಇಷ್ಟ. ಒಂದು ಟಿಕೆಟ್ ಕೊಳ್ಳಲು ಎಷ್ಟು ಹೊತ್ತು ದುಡಿಯಬೇಕು? ಇದು ಒರಟು ಅಳತೆ, ನಿಜ. ಆದರೆ ಜೇಬಿಗೆ ಹತ್ತಿರದ್ದು.

1890ರಲ್ಲಿ ಫುಟ್‌ಬಾಲ್ ಲೀಗ್ ಕನಿಷ್ಠ ಪ್ರವೇಶ ದರವನ್ನು 6 ಪೆನ್ಸ್ ಎಂದು ಗೊತ್ತುಮಾಡಿತು. ಆಗ ಪೌಂಡಿಗೆ 240 ಪೆನ್ಸ್. ಸಾಮಾನ್ಯ ಕೂಲಿಯಾಳಿಗೆ ವಾರವಿಡೀ ದುಡಿದರೆ ಸಿಗುತ್ತಿದ್ದುದು ಸುಮಾರು 1 ಪೌಂಡ್. ಅಂದರೆ ಆ 6 ಪೆನ್ಸ್‌ಗೆ ಅವನು ಒಂದು ಗಂಟೆಗೂ ಮೇಲೆ ದುಡಿಯಬೇಕಿತ್ತು. ಕುಶಲಕರ್ಮಿಗೆ ಅಷ್ಟು ಕಷ್ಟವಿರಲಿಲ್ಲ. ಮೈದಾನ ತುಂಬುತ್ತಿದ್ದವರಲ್ಲಿ ಹೆಚ್ಚಿನವರು ಅಂಥವರೇ. ಫುಟ್‌ಬಾಲ್ ಹಿಂದೆ ಕಡುಬಡವರ ಆಟವಾಗಿತ್ತು, ಆಮೇಲೆ ಸಾಹುಕಾರರ ಪಾಲಾಯಿತು ಎಂದು ಸುಲಭವಾಗಿ ಹೇಳುತ್ತಾರಲ್ಲ, ಅದು ಅಷ್ಟು ಸರಿಯಲ್ಲ. ಶುರುವಿನಲ್ಲಿ ಅದು ಅಗ್ಗವೇನೂ ಆಗಿರಲಿಲ್ಲ.

ಅಗ್ಗವಾದದ್ದು ನಂತರ. 1960ರಲ್ಲಿ ಕನಿಷ್ಠ ದರ ಎರಡೂವರೆ ಶಿಲಿಂಗ್, ಪೌಂಡಿಗೆ 100 ಪೆನ್ಸ್ ಇರುವ ಇವತ್ತಿನ ನಾಣ್ಯದಲ್ಲಿ ಹನ್ನೆರಡೂವರೆ ಪೆನ್ಸ್. ಆಗ ಕಾರ್ಖಾನೆ ಕೆಲಸಗಾರನ ಸರಾಸರಿ ವಾರದ ಗಳಿಕೆ 15 ಪೌಂಡ್ ಆಸುಪಾಸು. ಅರ್ಧ ಗಂಟೆಯೂ ದುಡಿಯಬೇಕಿರಲಿಲ್ಲ. 1990ರ ಹೊತ್ತಿಗೆ ದೊಡ್ಡ ಕ್ಲಬ್‌ಗಳಲ್ಲೂ ನಿಂತು ನೋಡುವ ಟಿಕೆಟ್ 4 ಪೌಂಡ್‌ಗೆ ಸಿಗುತ್ತಿತ್ತು. ಸರಾಸರಿ ಸಂಬಳದವನಿಗೆ ಅದು ಮುಕ್ಕಾಲು ಗಂಟೆಗಿಂತ ಕಡಿಮೆ ದುಡಿಮೆ. ಈಗ ನೋಡಿ. 2024ರ ನವೆಂಬರಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಸೀಸನ್ನಿನ ನಡುವೆಯೇ ಉಳಿದ ಸದಸ್ಯ ಟಿಕೆಟ್‌ಗಳಿಗೆಲ್ಲ 66 ಪೌಂಡ್ ಎಂದಿತು. ಮಕ್ಕಳಿಗೂ ಅಷ್ಟೇ, ಪಿಂಚಣಿದಾರರಿಗೂ ಅಷ್ಟೇ. ಆ ವರ್ಷದ ಕನಿಷ್ಠ ವೇತನ ಗಂಟೆಗೆ 11.44 ಪೌಂಡ್. ಆರು ಗಂಟೆಯ ದುಡಿಮೆ ಹತ್ತಿರ ಹತ್ತಿರ, ಅದೂ ತೆರಿಗೆ ಕಳೆಯುವ ಮುಂಚೆ. 1990ರ 4 ಪೌಂಡ್ ಬರೀ ಹಣದುಬ್ಬರದ ಜೊತೆ ಏರಿದ್ದರೆ 10ರಿಂದ 12 ಪೌಂಡ್ ಆಗಬೇಕಿತ್ತು, ಅಷ್ಟೆ.

ಹಾಗಾದರೆ ನಡುವಿನ ಆ ದಶಕಗಳಲ್ಲಿ ಯಾಕೆ ಅಷ್ಟು ಅಗ್ಗ? ಕ್ಲಬ್ ಮಾಲೀಕರು ಧರ್ಮಾತ್ಮರಾಗಿದ್ದರು ಅಂತಲ್ಲ. ಬೆಲೆ ಏರಿಸಿ ಅವರಿಗೆ ಆಗಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಫುಟ್‌ಬಾಲ್ ಅಸೋಸಿಯೇಷನ್ (ಇಂಗ್ಲೆಂಡಿನಲ್ಲಿ ಆಟದ ಆಡಳಿತ ನೋಡುವ ಸಂಸ್ಥೆ) ನಿಯಮದ ಪ್ರಕಾರ ಷೇರುದಾರರಿಗೆ ಹಂಚುವ ಲಾಭಾಂಶಕ್ಕೆ ಮಿತಿ ಇತ್ತು. ನಿರ್ದೇಶಕರು ಸಂಬಳ ತೆಗೆದುಕೊಳ್ಳುವಂತಿರಲಿಲ್ಲ. 1961ರ ಜನವರಿವರೆಗೆ ಆಟಗಾರರಿಗೂ ಗರಿಷ್ಠ ವೇತನದ ಕಟ್ಟು, ಕೊನೆಗೆ ಅದು ವಾರಕ್ಕೆ 20 ಪೌಂಡ್. ಗೇಟ್ ಕಲೆಕ್ಷನ್ನಿನಲ್ಲಿ ಎದುರಾಳಿ ತಂಡಕ್ಕೆ ಪಾಲು ಕೊಡಬೇಕಿತ್ತು. ಬಂದ ದುಡ್ಡನ್ನು ಮನೆಗೆ ಒಯ್ಯುವಂತಿಲ್ಲ, ಆಟಗಾರನಿಗೆ ಕೊಡುವಂತಿಲ್ಲ, ಪಕ್ಕದವನಿಗೆ ಬೇರೆ ಹಂಚಬೇಕು ಎಂದಮೇಲೆ ಯಾರು ತಾನೇ ದರ ಏರಿಸಿ ಜನರ ಬೈಗುಳ ತಿನ್ನುತ್ತಾರೆ?

ಜಾಗದ ಲೆಕ್ಕವೂ ಬೇರೆ. ನಿಂತು ನೋಡುವ ಮೆಟ್ಟಿಲುಗಳಲ್ಲಿ ಇನ್ನೊಬ್ಬನನ್ನು ನುಸುಳಿಸಲು ಸದಾ ಜಾಗವಿರುತ್ತಿತ್ತು. ಪಂದ್ಯ ಮುಗಿಯಲು ಸ್ವಲ್ಪ ಹೊತ್ತಿರುವಾಗ, ಹೊರಗೆ ಹೋಗುವವರಿಗೆಂದು ಗೇಟು ತೆರೆದರೆ, ದುಡ್ಡಿಲ್ಲದ ಹುಡುಗರು ಪುಕ್ಕಟೆ ಒಳಗೆ ಬಂದು ಕೊನೆಯ ಆಟ ನೋಡಿಕೊಂಡು ಹೋಗುತ್ತಿದ್ದರು. ಎಣಿಸಿಟ್ಟ ಸೀಟೇ ಇಲ್ಲದ ಜಾಗದಲ್ಲಿ ಸೀಟಿಗೊಂದು ಬೆಲೆ ಕಟ್ಟುವುದು ಹೇಗೆ? ಜೊತೆಗೆ ಜನರೂ ಕಡಿಮೆಯಾಗುತ್ತಿದ್ದರು. 1948-49ರಲ್ಲಿ ಲೀಗ್ ಪಂದ್ಯಗಳಿಗೆ 4 ಕೋಟಿಗೂ ಹೆಚ್ಚು ಜನ ಬಂದಿದ್ದರು. 1985-86ರಲ್ಲಿ ಅದು 1.65 ಕೋಟಿಗೆ ಇಳಿಯಿತು. ಮೈದಾನ ಖಾಲಿ ಹೊಡೆಯುವಾಗ ದರ ಏರಿಸುವ ಧೈರ್ಯ ಯಾರಿಗಿರುತ್ತದೆ?

ತಿರುವು ಯಾವಾಗ ಎಂದು ಕೇಳಿದರೆ ಹೆಚ್ಚಿನವರು 1992 ಎನ್ನುತ್ತಾರೆ, ಪ್ರೀಮಿಯರ್ ಲೀಗ್ ಶುರುವಾದ ವರ್ಷ. ನಾನು 1983 ಎನ್ನುತ್ತೇನೆ. ಆ ವರ್ಷ ಎರಡು ಕೆಲಸ ಆದವು, ಎರಡೂ ದೊಡ್ಡ ಸುದ್ದಿಯಾಗಿ ಜನರ ನೆನಪಲ್ಲಿ ಉಳಿದಿಲ್ಲ. ಲೀಗ್ ಪಂದ್ಯಗಳ ಗೇಟ್ ಕಲೆಕ್ಷನ್ ಹಂಚುವ ಪದ್ಧತಿ ನಿಂತಿತು. ಇನ್ನು ಮುಂದೆ ಎಲ್ಲವೂ ತವರು ಕ್ಲಬ್ಬಿಗೇ. ಟಾಟನ್‌ಹ್ಯಾಮ್ ಹಾಟ್‌ಸ್ಪರ್ ಒಂದು ಹೋಲ್ಡಿಂಗ್ ಕಂಪನಿ, ಅಂದರೆ ಕ್ಲಬ್ಬಿನ ಒಡೆತನ ಇಟ್ಟುಕೊಳ್ಳುವ ಬೇರೊಂದು ಕಂಪನಿ, ಮಾಡಿ ಷೇರುಪೇಟೆಗೆ ಇಳಿಯಿತು. ಲಾಭಾಂಶದ ನಿಯಮ ಕ್ಲಬ್ಬಿಗೆ, ಹೋಲ್ಡಿಂಗ್ ಕಂಪನಿಗಲ್ಲ! ಬೇಲಿಯಲ್ಲಿ ಅಂಥದ್ದೊಂದು ಕಂಡಿ ಬಿದ್ದಮೇಲೆ ಉಳಿದವರೂ ಅದರಲ್ಲೇ ನುಗ್ಗಿದರು. ದರ ಏರಿಸಿದರೆ ದುಡ್ಡು ತನಗೇ ಉಳಿಯುತ್ತದೆ ಎನ್ನುವುದು ಇಂಗ್ಲಿಷ್ ಫುಟ್‌ಬಾಲಿನಲ್ಲಿ ನಿಜವಾದದ್ದು ಆಗಲೇ.

ಆಮೇಲೆ 1989ರ ಏಪ್ರಿಲ್ 15. ಶೆಫೀಲ್ಡಿನ ಹಿಲ್ಸ್‌ಬರೊ ಮೈದಾನದ ಕಾಲ್ತುಳಿತದಂಥ ನೂಕಿನಲ್ಲಿ ಸಿಕ್ಕಿ ಸತ್ತವರು ಕೊನೆಗೆ 97 ಮಂದಿ. ತನಿಖೆ ನಡೆಸಿದ ನ್ಯಾಯಮೂರ್ತಿ ಟೇಲರ್ 1990ರ ಜನವರಿಯಲ್ಲಿ ಅಂತಿಮ ವರದಿ ಕೊಟ್ಟು, ದೊಡ್ಡ ಮೈದಾನಗಳಲ್ಲಿ ಎಲ್ಲರಿಗೂ ಕೂರುವ ಸೀಟೇ ಇರಬೇಕು ಎಂದರು. ದರ ಏರಿಕೆಯನ್ನು ಇದರ ತಲೆಗೆ ಕಟ್ಟುವವರು ವರದಿಯ ಇನ್ನೊಂದು ಮಾತನ್ನು ಬಿಟ್ಟುಬಿಡುತ್ತಾರೆ. ನಿಂತು ನೋಡುವವನ ಜೇಬಿಗೆ ಎಟಕುವಂತೆಯೇ ಅಗ್ಗದ ಸೀಟಿನ ದರ ಇಡಬಹುದು ಎಂದು ಟೇಲರ್ ಬರೆದಿದ್ದರು. ಗ್ಲಾಸ್ಗೋದ ಐಬ್ರಾಕ್ಸ್ ಮೈದಾನದ ಉದಾಹರಣೆಯನ್ನೂ ಕೊಟ್ಟಿದ್ದರು. ಅಲ್ಲಿ ಕೂರಲು 6 ಪೌಂಡ್, ನಿಲ್ಲಲು 4.

ಇಲ್ಲಿ ಕ್ಲಬ್‌ಗಳ ಪರವಾಗಿಯೂ ಒಂದು ಮಾತು ಹೇಳಬೇಕು. ಲಿವರ್‌ಪೂಲಿನ ಕಾಪ್ ಸ್ಟ್ಯಾಂಡಿನಲ್ಲಿ ಒಂದು ಕಾಲಕ್ಕೆ 28,000ದಷ್ಟು ಜನ ನಿಲ್ಲುತ್ತಿದ್ದರು. 1994ರಲ್ಲಿ ಸೀಟು ಹಾಕಿದಮೇಲೆ ಅದು 12,000 ಚಿಲ್ಲರೆಗೆ ಇಳಿಯಿತು. ಅಷ್ಟೇ ಜಾಗ, ಅರ್ಧಕ್ಕಿಂತ ಕಡಿಮೆ ಜನ. ಮೊದಲಿನಷ್ಟೇ ಕಲೆಕ್ಷನ್ ಬರಬೇಕಾದರೆ ದರ ದುಪ್ಪಟ್ಟು ದಾಟಲೇಬೇಕು. ಕಟ್ಟಡದ ಖರ್ಚೂ ಇತ್ತು. ಸರ್ಕಾರ ಪಂದ್ಯಗಳ ಫಲಿತಾಂಶ ಊಹಿಸುವ ಪೂಲ್ಸ್ ಜೂಜಿನ ತೆರಿಗೆ ಇಳಿಸಿ ನೆರವು ಕೊಟ್ಟಿತು, ಆದರೆ ಅದು ಸಾಲಲಿಲ್ಲ. ಆರ್ಸೆನಲ್ 1,100 ಮತ್ತು 1,500 ಪೌಂಡಿನ ಬಾಂಡ್ ಮಾರಲು ಹೊರಟಿತು. ಬಾಂಡ್ ಕೊಂಡರೆ ಟಿಕೆಟ್ ಸಿಗುತ್ತದೆ ಅಂದುಕೊಂಡಿರಾ? ಇಲ್ಲ, ಸೀಸನ್ ಟಿಕೆಟ್, ಅಂದರೆ ಇಡೀ ಸೀಸನ್ನಿನ ತವರು ಪಂದ್ಯಗಳ ಟಿಕೆಟ್, ಕೊಳ್ಳುವ ಹಕ್ಕು ಮಾತ್ರ. ಟಿಕೆಟ್‌ಗೆ ಬೇರೆ ದುಡ್ಡು. ವೆಸ್ಟ್ ಹ್ಯಾಮ್ ಇಂಥದ್ದೇ ಯೋಜನೆ ತಂದಾಗ ಅಭಿಮಾನಿಗಳು ಮೈದಾನಕ್ಕೇ ನುಗ್ಗಿದರು.

ಆದರೂ ಸೀಟಿನ ಲೆಕ್ಕ ದರವನ್ನು ಎರಡು, ಬೇಡ, ಮೂರು ಪಟ್ಟಿಗೆ ಒಯ್ಯಬಹುದು. ಹದಿನಾರು ಪಟ್ಟಿಗೆ ಒಯ್ಯುವುದಿಲ್ಲ. ಮಿಕ್ಕಿದ್ದು ಎಲ್ಲಿಂದ ಬಂತು?

ವಿಚಿತ್ರ ಏನೆಂದರೆ, ಗೇಟಿನ ದುಡ್ಡಿನ ಅಗತ್ಯ ಕಡಿಮೆಯಾಗುತ್ತ ಹೋದ ಕಾಲದಲ್ಲೇ ದರ ಎಲ್ಲಕ್ಕಿಂತ ಜೋರಾಗಿ ಏರಿತು. 1992ರ ಟಿವಿ ಒಪ್ಪಂದ ಐದು ವರ್ಷಕ್ಕೆ 304 ಮಿಲಿಯನ್ ಪೌಂಡ್ ಎಂದಾಗ ಜನ ಬಾಯಿ ಬಿಟ್ಟು ನೋಡಿದ್ದರು. 2016ರಿಂದ ಮೂರು ವರ್ಷಕ್ಕೆ ಬ್ರಿಟನ್ನಿನ ಹಕ್ಕುಗಳಿಗಷ್ಟೇ ಸಿಕ್ಕಿದ್ದು 5.1 ಬಿಲಿಯನ್. ಪ್ರೀಮಿಯರ್ ಲೀಗ್ ಶುರುವಾಗುವ ಹೊತ್ತಿಗೆ ಕ್ಲಬ್‌ಗಳ ಆದಾಯದಲ್ಲಿ ಪಂದ್ಯದ ದಿನದ ಗಳಿಕೆಯದೇ ದೊಡ್ಡ ಪಾಲು. ಈಗ ಅದು ಏಳರಲ್ಲಿ ಒಂದು ಪಾಲಿನಷ್ಟು.

ಸುಮ್ನೆ ಒಂದು ಲೆಕ್ಕ ಹಾಕೋಣ. 30,000 ಟಿಕೆಟ್‌ಗಳ ಮೇಲೆ 10 ಪೌಂಡ್ ಏರಿಸಿದರು ಅಂದುಕೊಳ್ಳಿ. ತವರಿನಲ್ಲಿ ವರ್ಷಕ್ಕೆ 19 ಲೀಗ್ ಪಂದ್ಯ. ಒಟ್ಟು 57 ಲಕ್ಷ ಪೌಂಡ್. ಟಿಕೆಟ್ ದರದಲ್ಲಿ ಶೇ. 20ರ ವ್ಯಾಟ್ ಸೇರಿರುತ್ತದೆ, ಅದನ್ನು ಕಳೆದರೆ ಕ್ಲಬ್ಬಿಗೆ ಉಳಿಯುವುದು 47.5 ಲಕ್ಷ. ವಾರಕ್ಕೆ 91,000 ಪೌಂಡ್ ಪಡೆಯುವ ಒಬ್ಬನೇ ಒಬ್ಬ ಆಟಗಾರನ ವರ್ಷದ ಸಂಬಳ! ಅದಕ್ಕಾಗಿ 30,000 ಮನೆಗಳ ಬಜೆಟ್ ಅಲುಗಾಡಬೇಕಾ? ಜರ್ಮನಿಯಲ್ಲಿ ಬಯರ್ನ್ ಮ್ಯೂನಿಕ್ ಅಧ್ಯಕ್ಷರಾಗಿದ್ದ ಉಲಿ ಹೋನೆಸ್ ಇದನ್ನೇ ಹೇಳಿದ್ದರು. ಅಗ್ಗದ ಸೀಸನ್ ಟಿಕೆಟ್ ದರ ಏರಿಸಿದರೆ ಬರುವ ಹೆಚ್ಚಿನ ದುಡ್ಡು ಆಟಗಾರನನ್ನು ಕೊಳ್ಳುವ ಚೌಕಾಸಿಯಲ್ಲಿ ಐದು ನಿಮಿಷದ ಮಾತು, ಅಭಿಮಾನಿಗೆ ಮಾತ್ರ ಅದು ಬಹಳ ದೊಡ್ಡ ವ್ಯತ್ಯಾಸ, ಅಭಿಮಾನಿ ಹಾಲು ಹಿಂಡುವ ಹಸುವಲ್ಲ ಎಂಬುದು ಅವರ ವಾದ. ಜರ್ಮನಿಯಲ್ಲಿ ಹೆಚ್ಚಿನ ಕ್ಲಬ್‌ಗಳ ಮತದ ಬಹುಪಾಲು ಸದಸ್ಯರ ಕೈಯಲ್ಲಿರುವುದರಿಂದ ಅಧ್ಯಕ್ಷರು ಹೀಗೆ ಮಾತಾಡಲೂ ಬೇಕಾಗುತ್ತದೆ ಅನ್ನಿ.

ಇಂಗ್ಲೆಂಡಿನಲ್ಲಿ ದರ ಏರಿದ್ದು ಏರಿಸಬಹುದು ಎಂಬ ಕಾರಣಕ್ಕೆ. ಸೀಟುಗಳು ಎಣಿಕೆಯಾದವು, ನಂಬರ್ ಬಿತ್ತು, ಕೊಳ್ಳುವವನ ಹೆಸರು ಕಂಪ್ಯೂಟರಿಗೆ ಹೋಯಿತು. ಅಲ್ಲಿಗೆ ನಮ್ಮಂಥವರ ಕೆಲಸ ಶುರು. ಯಾರು ಎಷ್ಟು ಬೇಗ ಕೊಳ್ಳುತ್ತಾರೆ, ಯಾವ ಎದುರಾಳಿ ಬಂದರೆ ಎಷ್ಟು ನಿಮಿಷದಲ್ಲಿ ಹೌಸ್‌ಫುಲ್, ದೂರದ ದೇಶದಿಂದ ಜೀವನದಲ್ಲೊಮ್ಮೆ ಬರುವವನು ಎಷ್ಟು ಕೊಡುತ್ತಾನೆ, ಎಲ್ಲವೂ ಗೊತ್ತಾಗುತ್ತದೆ. ಸೀಸನ್ ಟಿಕೆಟ್‌ನವನು ವರ್ಷಪೂರ್ತಿ ಬರುತ್ತಾನೆ, ಆದರೆ ಸೀಟಿನ ಲೆಕ್ಕದಲ್ಲಿ ಅವನೇ ಕಡಿಮೆ ಲಾಭದ ಗಿರಾಕಿ. ಒಂದೇ ಪಂದ್ಯಕ್ಕೆ ಬರುವವನು ಟಿಕೆಟ್‌ಗೂ ಜಾಸ್ತಿ ಕೊಡುತ್ತಾನೆ, ಅಂಗಡಿಯಲ್ಲೂ ಜಾಸ್ತಿ ಖರ್ಚು ಮಾಡುತ್ತಾನೆ. ಸ್ಪ್ರೆಡ್‌ಶೀಟ್ ಯಾರ ಪರ ನಿಲ್ಲುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಆ ಸ್ಪ್ರೆಡ್‌ಶೀಟಿಗೆ ಸಿಗದ ಸಂಗತಿ ಒಂದಿದೆ. ಟಿವಿಯವರು ಶತಕೋಟಿ ಸುರಿಯುವುದು ಆಟಕ್ಕೆ ಮಾತ್ರವಲ್ಲ, ಸ್ಟ್ಯಾಂಡಿನ ಗದ್ದಲಕ್ಕೂ ಹೌದು. ದರ ಇಳಿದ ಅಪರೂಪದ ಸಂದರ್ಭಗಳೆಲ್ಲ ಸ್ಟ್ಯಾಂಡ್ ಖಾಲಿ ಕಂಡಾಗಲೇ ಬಂದಿವೆ. 2013ರ ಜನವರಿಯಲ್ಲಿ ಆರ್ಸೆನಲ್ ಮೈದಾನದ ಪಂದ್ಯಕ್ಕೆ ಮ್ಯಾಂಚೆಸ್ಟರ್ ಸಿಟಿ ಅಭಿಮಾನಿಗಳಿಗೆ ಟಿಕೆಟ್ ದರ 62 ಪೌಂಡ್. 3,000 ಟಿಕೆಟ್‌ಗಳಲ್ಲಿ 912 ವಾಪಸಾದವು. 2016ರ ಫೆಬ್ರವರಿಯಲ್ಲಿ ಲಿವರ್‌ಪೂಲ್ ಮುಂದಿನ ಸೀಸನ್ನಿಗೆ 77 ಪೌಂಡ್‌ವರೆಗಿನ ದರ ಪ್ರಕಟಿಸಿತು. ಸಂಡರ್‌ಲೆಂಡ್ ವಿರುದ್ಧದ ಪಂದ್ಯದ 77ನೇ ನಿಮಿಷಕ್ಕೆ ಸುಮಾರು 10,000 ಜನ ಎದ್ದು ಹೊರಗೆ ನಡೆದರು. ಆಗ ಲಿವರ್‌ಪೂಲ್ 2-0 ಮುಂದಿತ್ತು, ಮುಗಿದದ್ದು 2-2ರಲ್ಲಿ. ಕೆಲವೇ ದಿನಗಳಲ್ಲಿ ಮಾಲೀಕರು ಆ ದರವನ್ನು ಕೈಬಿಟ್ಟರು. ಮುಂದಿನ ತಿಂಗಳೇ ಪ್ರೀಮಿಯರ್ ಲೀಗ್ ಕ್ಲಬ್‌ಗಳು ಎದುರಾಳಿ ತಂಡದ ಅಭಿಮಾನಿಗಳ ಟಿಕೆಟ್‌ಗೆ 30 ಪೌಂಡಿನ ಮಿತಿ ಹಾಕಲು ಒಪ್ಪಿದವು. ಹೊರಗಿನ ಊರಿಂದ ಬಂದು ಮೂಲೆಯಲ್ಲಿ ನಿಂತು ಹಾಡುವ ಆ 3,000 ಜನ ಇಲ್ಲದಿದ್ದರೆ ಟಿವಿಯಲ್ಲಿ ಪಂದ್ಯ ಸಪ್ಪೆ ಎಂದು ಅವರಿಗೂ ಗೊತ್ತು.

ಟಿಕೆಟ್ ದರ ಪೂರ್ತಿ ಖರ್ಚಲ್ಲ ಎನ್ನುವುದನ್ನೂ ಮರೆಯಬಾರದು. ದೊಡ್ಡ ಕ್ಲಬ್‌ಗಳಲ್ಲಿ ಟಿಕೆಟ್ ಕೇಳುವುದಕ್ಕೇ ಮೊದಲು ವರ್ಷದ ಸದಸ್ಯತ್ವ ಕೊಳ್ಳಬೇಕು. ಆಮೇಲೂ ಎಷ್ಟೋ ಸಲ ಲಾಟರಿ. ಮೊದಲು ಶನಿವಾರ ಮಧ್ಯಾಹ್ನ 3ಕ್ಕೆ ಪಂದ್ಯ ಎಂದರೆ ಮುಗೀತು. ಈಗ ಟಿವಿಗಾಗಿ ಭಾನುವಾರಕ್ಕೋ ಸೋಮವಾರ ರಾತ್ರಿ 8ಕ್ಕೋ ಹೋಗುತ್ತದೆ. ಮುಂಚೆಯೇ ಕಡಿಮೆ ದರಕ್ಕೆ ಮಾಡಿಸಿದ ರೈಲು ಟಿಕೆಟ್ ವ್ಯರ್ಥ, ವಾಪಸು ಹೋಗಲು ಕೊನೆಯ ರೈಲೂ ಇರುವುದಿಲ್ಲ. 30 ಪೌಂಡಿನ ಟಿಕೆಟ್‌ಗೆ ಅದರ ಎರಡು ಮೂರು ಪಟ್ಟು ಪ್ರಯಾಣದ ಖರ್ಚು ಸೇರುವುದು ದೊಡ್ಡ ಮಾತೇನಲ್ಲ.

ವಿಶ್ವಕಪ್ ಬೇರೆಯದೇ ಲೋಕ. 2026ರ ಟೂರ್ನಿಗೆ ಫಿಫಾ ಬೇಡಿಕೆಗೆ ತಕ್ಕಂತೆ ದರ ಬದಲಿಸುವ ಪದ್ಧತಿ ತಂದಿತು. ಅಭಿಮಾನಿ ಸಂಘಟನೆಗಳು ಗಲಾಟೆ ಎಬ್ಬಿಸಿದಮೇಲೆ 60 ಡಾಲರಿನ ಸ್ವಲ್ಪ ಟಿಕೆಟ್‌ಗಳನ್ನು ಎಲ್ಲ ಪಂದ್ಯಗಳಿಗೂ ಇಟ್ಟಿತು, ಫೈನಲ್ ಸೇರಿದಂತೆ. ನನ್ನ ಕಣ್ಣಿಗೆ ಅದು ದರ ಇಳಿಕೆಯಲ್ಲ, ಜಾಹೀರಾತಿನ ಖರ್ಚು.

ಮುಂದಿನ ಸೀಸನ್ನಿಗೆ ನಿಮ್ಮ ಕ್ಲಬ್ "ಶೇ. 3ರಷ್ಟು ಮಾತ್ರ ಏರಿಕೆ" ಎಂದು ಪ್ರಕಟಿಸಿದರೆ ಆ 3ನ್ನು ಬಿಟ್ಟು ಉಳಿದದ್ದನ್ನು ಓದಿ. ರಿಯಾಯಿತಿಯ ವಯಸ್ಸು ಬದಲಾಗಿದೆಯಾ? ಟಾಟನ್‌ಹ್ಯಾಮ್ ಹಿರಿಯರ ರಿಯಾಯಿತಿಯನ್ನು ವರ್ಷವರ್ಷ ಇಳಿಸುವ ಯೋಜನೆಯನ್ನು 2024ರಲ್ಲಿ ಹೀಗೆಯೇ ತಂದಿತು. ದುಬಾರಿ ವರ್ಗದ ಪಂದ್ಯಗಳ ಪಟ್ಟಿಗೆ ಹೊಸ ಎದುರಾಳಿಗಳು ಸೇರಿದ್ದಾರಾ? ನಿನ್ನೆಯವರೆಗೆ ಸಾಧಾರಣವಾಗಿದ್ದ ಸ್ಟ್ಯಾಂಡಿಗೆ ಊಟ ಉಪಚಾರದ ಹೆಸರು ಬಿದ್ದಿದೆಯಾ? ಸೀಸನ್ ಟಿಕೆಟ್‌ನ ಸಂಖ್ಯೆ ಎಷ್ಟು ಕಡಿಮೆಯಾಯಿತು? ಈ ಕೊನೆಯ ಅಂಕಿಯನ್ನು ಕ್ಲಬ್ ತಾನಾಗಿ ಹೇಳುವುದು ಕಮ್ಮಿ, ಅಭಿಮಾನಿ ಸಂಘದ ಮೂಲಕ ಬರವಣಿಗೆಯಲ್ಲಿ ಕೇಳಿ.